ಮರಳಿ ಬರುವ ಅತಿಥಿಗೆ ಯಾರ ಕುರಿಮರಿ?

ಅಳಿದ ವನ್ಯಜೀವಿಗಳಿಗೆ ಮರುನೆಲೆ: ಒಂದು ನೈತಿಕ ದೈವಶಾಸ್ತ್ರೀಯ ವಿವೇಚನೆ

ಪೀಠಿಕೆ

ಮಳವಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ ವಯಸ್ಸಾದ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಹಿಂದಿನ ವಾರವಷ್ಟೇ ಕಬ್ಬಿನ ಗದ್ದೆಯ ಕಡೆಯಿಂದ ಬಂದ ಚಿರತೆ ಅವರ ಎರಡು ಆಡುಗಳನ್ನು ಹಿಡಿದಿತ್ತು. ಅಂದಿನ ಪ್ರಬೋಧನೆಯಲ್ಲಿ ನಾವು ಸೃಷ್ಟಿಯ ಪಾಲನೆಯನ್ನು ಕುರಿತು ಮಾತನಾಡುತ್ತ, ದೇಶದಿಂದ ಕಣ್ಮರೆಯಾಗಿದ್ದ ಚೀತಾವನ್ನು ಮತ್ತೆ ತಂದು ಬಿಟ್ಟಿರುವುದನ್ನು ಸತ್ಕಾರ್ಯದ ಉದಾಹರಣೆಯಾಗಿ ಹೇಳಿದ್ದೆವು. ಆ ತಾಯಿ ಕೇಳಿದ್ದು ಇಷ್ಟೇ: “ಸ್ವಾಮ್ಯೋರೆ, ಕಳ್ದೋರ್ ಯಾರೋ, ತರ್ಸೋರ್ ಯಾರೋ. ಆಡು ಕೊಡೋರ್ ಮಾತ್ರ ನಾವೇನಾ?”

ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಆದರೆ ನೈತಿಕ ದೈವಶಾಸ್ತ್ರವನ್ನು ಬೋಧಿಸುವವರು ಅಲಕ್ಷಿಸಲಾಗದ ಪ್ರಶ್ನೆ ಅದು. ಅಳಿದುಹೋದ ಪ್ರಾಣಿಯನ್ನು ಮರಳಿ ತರುವುದು ಪುಣ್ಯಕಾರ್ಯವೇ? ಹೌದಾದರೆ ಅದರ ವೆಚ್ಚವನ್ನು ಯಾರು ಹೊರಬೇಕು? ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲೂ ನೀರಿನಲ್ಲೂ ದೊರೆಯುವ ನಿದರ್ಶನಗಳ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಾದದ ಎರಡು ಬದಿಗಳು

ಚೀತಾ ನಮಗೆ ದೂರದ ಕಥೆಯೇನಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಬೇಟೆಗಾಗಿ ಪಳಗಿಸಿದ ಚೀತಾಗಳನ್ನು ಸಾಕಿದ್ದನು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವು ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಬಂದವು. ಸಾಕಿದ ಚೀತಾ ಮರಿ ಹಾಕುವುದು ಅತಿ ವಿರಳ. ಆದಕಾರಣ ದೇಶದ ಅರಮನೆಗಳಿಗೆಲ್ಲ ಶತಮಾನಗಳ ಕಾಲ ಬಯಲಿನಿಂದಲೇ ಅವುಗಳನ್ನು ಹಿಡಿದು ತರಬೇಕಾಗಿತ್ತು. ಬಂದೂಕು ಬಂದಿತು, ಹುಲ್ಲುಗಾವಲುಗಳು ಉಳುಮೆಗೆ ಒಳಗಾದವು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಅರಸರು ಮೂರು ಚೀತಾಗಳನ್ನು ಹೊಡೆದರು. ದೇಶದಲ್ಲಿ ಖಚಿತವಾಗಿ ದಾಖಲಾದ ಕೊನೆಯವು ಅವೇ ಎನ್ನಲಾಗುತ್ತದೆ. 1952ರಲ್ಲಿ ಚೀತಾ ಭಾರತದಿಂದ ಅಳಿದಿದೆಯೆಂದು ಘೋಷಿಸಲಾಯಿತು. ಎಪ್ಪತ್ತು ವರ್ಷಗಳ ಅನಂತರ, 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳು ಮಧ್ಯಪ್ರದೇಶದ ಕೂನೊ ಅರಣ್ಯಕ್ಕೆ ಬಂದವು. ಅವುಗಳಲ್ಲಿ ಹಲವು ಮೊದಲ ವರ್ಷದಲ್ಲೇ ಸತ್ತವು. ಈ ನೆಲದಲ್ಲೇ ಮರಿಗಳೂ ಹುಟ್ಟಿದವು.

ಇಂಥ ಯತ್ನಗಳನ್ನು ಬೆಂಬಲಿಸುವವರು ಮೂರು ಕಾರಣಗಳನ್ನು ಕೊಡುತ್ತಾರೆ. ಮನುಷ್ಯನು ಕೆಡಿಸಿದ್ದನ್ನು ಮನುಷ್ಯನೇ ಸರಿಪಡಿಸಬೇಕು. ಒಂದು ಪ್ರಾಣಿ ಮರಳಿದರೆ ಅದನ್ನು ಆಶ್ರಯಿಸಿದ ಹುಲ್ಲುಬಯಲು, ಕಾಡು, ಹೊಳೆಗಳೂ ಉಳಿಯುತ್ತವೆ. ಮುಂದಿನ ಪೀಳಿಗೆಗೆ ಬರಡಾದ ಲೋಕವನ್ನು ಒಪ್ಪಿಸುವ ಹಕ್ಕು ನಮಗಿಲ್ಲ. ವಿರೋಧಿಸುವವರ ಕಾರಣಗಳೂ ಲಘುವಾದವಲ್ಲ. ಇರುವ ಪ್ರಾಣಿಗಳನ್ನೇ ಕಾಯಲಾಗದವರು ಇಲ್ಲದುದನ್ನು ತರುವುದು ಆಡಂಬರ. ಹಳೆಯ ನೆಲೆಯೇ ಇಲ್ಲವಾದ ಮೇಲೆ ತಂದ ಪ್ರಾಣಿ ಬಾಳುವುದೆಲ್ಲಿ? ಎಲ್ಲಕ್ಕಿಂತ ಮಿಗಿಲಾಗಿ, ಇಂಥ ಯೋಜನೆಗಳ ಕೀರ್ತಿ ನಗರಗಳಿಗೆ, ನಷ್ಟ ಹಳ್ಳಿಗಳಿಗೆ.

ನಮ್ಮ ಸೀಮೆಯಲ್ಲಿ ಈ ವಾದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿ ಪ್ರಾಣಿಗಳು ಯಾರೂ ಕರೆಯದೆಯೇ ಮರಳುತ್ತಿವೆ. ಮಳವಳ್ಳಿಯ ಮುತ್ತತ್ತಿಯನ್ನು ಒಳಗೊಂಡ ಕಾವೇರಿ ವನ್ಯಜೀವಿ ಧಾಮದ ಕಡೆಯಿಂದ ಆನೆಗಳು ಶಿಂಷಾ ಹೊಳೆಯ ಗುಂಟ ಮದ್ದೂರಿನ ಗದ್ದೆಗಳವರೆಗೂ ಬರುತ್ತವೆ. ಚಿರತೆ ಕಬ್ಬಿನಲ್ಲೇ ಮರಿ ಹಾಕುತ್ತದೆ. ಆದುದರಿಂದ ಇಲ್ಲಿಯ ರೈತರಿಗೆ “ತರಬೇಕೇ ಬೇಡವೇ” ಎಂಬುದಕ್ಕಿಂತ “ಬಂದುದರ ಜೊತೆ ಯಾರ ಹೊಣೆಯಲ್ಲಿ ಬಾಳಬೇಕು” ಎಂಬುದೇ ದೊಡ್ಡ ಪ್ರಶ್ನೆ.

2. ನಮಗೆ ಸಾಲವಿದೆಯೇ?

ಮೊದಲು ತತ್ತ್ವವನ್ನು ಸ್ಪಷ್ಟಪಡಿಸಿಕೊಳ್ಳೋಣ. ಆದಿಕಾಂಡದ 9ನೆಯ ಅಧ್ಯಾಯದಲ್ಲಿ ದೇವರು ಜಲಪ್ರಳಯದ ಅನಂತರ ಒಡಂಬಡಿಕೆ ಮಾಡಿಕೊಳ್ಳುವುದು ನೋಹನೊಡನೆ ಮಾತ್ರವಲ್ಲ. ನಾವೆಯಿಂದ ಇಳಿದ ಸಕಲ ಜೀವಿಗಳೊಡನೆ. ಯೋಬನ ಗ್ರಂಥದ 38, 39ನೆಯ ಅಧ್ಯಾಯಗಳಲ್ಲಿ ದೇವರು ಸಿಂಹ, ಕಾಗೆ, ಕಾಡುಕತ್ತೆಗಳನ್ನು ಹೆಸರಿಸುತ್ತ, ಮನುಷ್ಯನಿಗೆ ಯಾವ ಉಪಯೋಗಕ್ಕೂ ಬಾರದ ಮೃಗಗಳನ್ನೂ ತಾವೇ ಸಾಕುತ್ತಿರುವುದನ್ನು ತೋರಿಸುತ್ತಾರೆ. ಸಂತ ತೋಮಸ್ ಅಕ್ವಿನಾಸರು ಸೃಷ್ಟಿಯ ವೈವಿಧ್ಯಕ್ಕೆ ಕೊಡುವ ಕಾರಣ ಪ್ರಸಿದ್ಧವಾದುದು: ದೈವೀ ಒಳಿತನ್ನು ಯಾವ ಒಂದು ಜೀವಿಯೂ ಪೂರ್ಣವಾಗಿ ಪ್ರತಿಬಿಂಬಿಸಲಾರದು, ಒಂದರಲ್ಲಿ ಕೊರೆಯಾದುದನ್ನು ಇನ್ನೊಂದು ತುಂಬುತ್ತದೆ. ಹಾಗಾದರೆ ಒಂದು ಜೀವಜಾತಿ ಅಳಿದಾಗ ಕಳೆದುಹೋಗುವುದು ಒಂದು ಸಂಪನ್ಮೂಲ ಮಾತ್ರವಲ್ಲ, ಸ್ತುತಿಯ ಒಂದು ದನಿಯೂ ಹೌದು. ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಹೇಳುವುದೂ ಇದನ್ನೇ.

ಪ್ರವಾದಿ ಹೊಶೇಯನ 4ನೆಯ ಅಧ್ಯಾಯವು ಇನ್ನೂ ಕಟುವಾಗಿದೆ. ಜನರಲ್ಲಿ ಸತ್ಯವೂ ಪ್ರೀತಿಯೂ ಇಲ್ಲವಾದುದರಿಂದ ಕಾಡುಮೃಗ, ಹಕ್ಕಿ, ಕಡೆಗೆ ನೀರಿನ ಮೀನು ಸಹ ಇಲ್ಲವಾಗುತ್ತವೆ ಎಂದು ಪ್ರವಾದಿ ನುಡಿಯುತ್ತಾನೆ. ಜೀವಿಗಳ ಅಳಿವಿಗೂ ಮನುಷ್ಯನ ಪಾಪಕ್ಕೂ ನಂಟಿದೆಯೆಂಬುದು ಆಧುನಿಕರ ಕಲ್ಪನೆಯಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟುನಿಟ್ಟಾದ ಅರ್ಥದಲ್ಲಿ ನ್ಯಾಯದ ಸಾಲವಿರುವುದು ವ್ಯಕ್ತಿಗಳ ನಡುವೆ. ಚೀತಾಕ್ಕೆ ನಾವು ಸಾಲಗಾರರೆಂದು ಹೇಳಲು ಸಂತ ತೋಮಸರ ನ್ಯಾಯಮೀಮಾಂಸೆಯಲ್ಲಿ ಆಸ್ಪದವಿಲ್ಲ. ಆದರೆ ಸೃಷ್ಟಿಯ ಒಡೆಯರಾದ ದೇವರಿಗೂ ಈ ಸೃಷ್ಟಿಯ ಮೇಲೆ ಸಮಾನ ಹಕ್ಕುಳ್ಳ ನೆರೆಯವರಿಗೂ ಇನ್ನೂ ಹುಟ್ಟದ ಪೀಳಿಗೆಗಳಿಗೂ ನಾವು ಸಾಲಗಾರರು. ಸಾಲವಿದ್ದಲ್ಲಿ ಅದನ್ನು ತೀರಿಸುವ ಕ್ರಮವೂ ಇರಬೇಕು. ಧರ್ಮಸಭೆಯು ಪಾಪನಿವೇದನೆಯ ಸಂಸ್ಕಾರಕ್ಕೆ ನಮ್ಮನ್ನು ಸಿದ್ಧಪಡಿಸುವಾಗ ಕಲಿಸುವ ಹೆಜ್ಜೆಗಳಲ್ಲಿ ಮೂರು ಇಲ್ಲಿ ನೇರವಾಗಿ ಅನ್ವಯಿಸುತ್ತವೆ: ಆತ್ಮಶೋಧನೆ, ದೃಢನಿರ್ಧಾರ, ಪ್ರಾಯಶ್ಚಿತ್ತ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಪ್ರಾಣಿಯನ್ನು ಮರಳಿ ತರುವ ಕಾರ್ಯವು ಕೆಡುತ್ತದೆ ಎಂಬುದು ನಮ್ಮ ಪ್ರತಿಪಾದನೆ.

3. ಆತ್ಮಶೋಧನೆ: ಕಾವೇರಿಯ ಬಿಳಿಮೀನು

ಕಳೆದುಕೊಂಡದ್ದು ಏನೆಂಬುದನ್ನು ಸರಿಯಾಗಿ ತಿಳಿಯುವುದು ಮೊದಲ ಹೆಜ್ಜೆ. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಿವನಸಮುದ್ರದಿಂದ ಕೆಳಗೆ ಮುತ್ತತ್ತಿಯನ್ನು ಹಾಯ್ದು ಹೋಗುವ ಕಾವೇರಿಯೇ ಸಾಕ್ಷಿ. ಈ ಹೊಳೆಯ ಗೂನುಬೆನ್ನಿನ ಮಹಶೀರ್, ಹೊಳೆಯಂಚಿನ ಜನರ ಬಾಯಲ್ಲಿ ಬಿಳಿಮೀನು, ಗಾತ್ರದಿಂದಾಗಿ ಲೋಕಪ್ರಸಿದ್ಧವಾಗಿತ್ತು. 1946ರಲ್ಲಿ ಮೈಸೂರು ಸೀಮೆಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವಿಕೆಗಳಿಂದ ಮಹಶೀರ್ ಕುಗ್ಗತೊಡಗಿತು. ಆಗ 1970ರ ದಶಕದಿಂದ, ಸದುದ್ದೇಶದಿಂದಲೇ, ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು.

ಅವು ಮಹಶೀರ್‌ಗಳೇ ಆಗಿದ್ದವು, ಆದರೆ ಕಾವೇರಿಯ ಮಹಶೀರ್ ಆಗಿರಲಿಲ್ಲ. ಕೃಷ್ಣಾ ಕೊಳ್ಳದ ನೀಲಿ ಈಜುರೆಕ್ಕೆಯ ಬೇರೊಂದು ಜಾತಿ ಅದು. ಬಂದ ಮೀನು ಹೊಳೆಯಲ್ಲಿ ಹಬ್ಬಿತು. ಕಿತ್ತಳೆ ಈಜುರೆಕ್ಕೆಯ ಮೂಲ ಮೀನು ಹಿಂದೆ ಸರಿಯಿತು. ಗಾಲಿಬೋರೆಯಲ್ಲಿ ಮೀನು ಹಿಡಿದು ಮರಳಿ ಬಿಡುತ್ತಿದ್ದ ಹವ್ಯಾಸಿಗಳು 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಗಳನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಅದುವರೆಗೂ ನಮ್ಮ ಹೊಳೆಯ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಹ ನಿಂತಿರಲಿಲ್ಲ. 2018ರಲ್ಲಿ ಅದನ್ನು ‘ಟಾರ್ ರೆಮಾದೇವಿ’ ಎಂದು ಗುರುತಿಸಲಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯ ಅತ್ಯಂತ ಗಂಭೀರ ವರ್ಗವನ್ನೂ ಸೇರಿತು.

ಇದರಿಂದ ಕಲಿಯಬೇಕಾದುದೇನು? ಹೆಸರು ತಿಳಿಯದೆ ಮಾಡಿದ ಉಪಕಾರವು ಅಪಕಾರವಾಯಿತು. ಪಾಪನಿವೇದನೆಗೆ ಬಂದವರಿಗೆ ನಾವು ಹೇಳುವುದುಂಟು: “ಸ್ವಾಮಿ, ಏನೇನೋ ತಪ್ಪಾಗಿದೆ” ಎಂದರೆ ಸಾಲದು, ತಪ್ಪನ್ನು ಹೆಸರಿಸಬೇಕು. ‘ಪ್ರಕೃತಿಗೆ ಹಾನಿಯಾಗಿದೆ’ ಎಂಬ ಮೊತ್ತದ ಮಾತಿನಿಂದ ಹೊರಡುವ ಯೋಜನೆಯೂ ಹಾಗೆಯೇ. ಅದು ಕಳೆದುದರ ಸ್ಥಾನದಲ್ಲಿ ಕೈಗೆ ಸಿಕ್ಕಿದ್ದನ್ನು ಇಟ್ಟು ಸಮಾಧಾನಪಟ್ಟುಕೊಳ್ಳುತ್ತದೆ.

4. ದೃಢನಿರ್ಧಾರ: ರಣಹದ್ದು ಮತ್ತು ತೋಳ

ಮತ್ತೆ ಅದೇ ತಪ್ಪನ್ನು ಮಾಡೆನೆಂಬ ನಿರ್ಧಾರವಿಲ್ಲದ ಪಶ್ಚಾತ್ತಾಪ ಪಶ್ಚಾತ್ತಾಪವೇ ಅಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ 2013ರ ಮಾರ್ಗಸೂಚಿಗಳು ಲೌಕಿಕ ಭಾಷೆಯಲ್ಲಿ ಇದನ್ನೇ ಹೇಳುತ್ತವೆ: ಅಳಿವಿಗೆ ಕಾರಣವಾದುದನ್ನು ಗುರುತಿಸಿ ನಿವಾರಿಸದೆ ಪ್ರಾಣಿಯನ್ನು ಮರಳಿ ಬಿಡಬಾರದು.

ರಣಹದ್ದುಗಳ ವಿಷಯದಲ್ಲಿ ಈ ಕ್ರಮವನ್ನು ಪಾಲಿಸಲಾಯಿತು. 1990ರ ದಶಕದಿಂದ ಭಾರತದ ರಣಹದ್ದುಗಳು ಹಠಾತ್ತನೆ ಕುಸಿದವು. ಬಿಳಿಬೆನ್ನಿನ ಜಾತಿಯಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಇಲ್ಲವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯು ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡಗಳನ್ನು ಕೆಡಿಸುತ್ತಿದ್ದುದೇ ಮುಖ್ಯ ಕಾರಣವೆಂದು ತಿಳಿದಾಗ, 2006ರಲ್ಲಿ ಪಶುವೈದ್ಯಕ್ಕೆ ಅದನ್ನು ನಿಷೇಧಿಸಲಾಯಿತು. ಹರಿಯಾಣದ ಪಿಂಜೋರ್‌ನಲ್ಲಿ ಸಾಕಿ ಬೆಳೆಸಿದ ಬಿಳಿಬೆನ್ನಿನ ಹದ್ದುಗಳನ್ನು ಆಕಾಶಕ್ಕೆ ಬಿಟ್ಟದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 2023ರಲ್ಲಿ ಅಂಥವೇ ಇನ್ನೆರಡು ಔಷಧಿಗಳು, ಅಸೆಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್, ನಿಷೇಧಕ್ಕೊಳಗಾದವು. ಮದ್ದೂರಿನಿಂದ ದೂರವಲ್ಲದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಆದರೆ ಆ ಬೆಟ್ಟದ ಹದ್ದಿನ ಅಳಿವು ಉಳಿವು ಧಾಮದ ಬೇಲಿಗಿಂತ ನಮ್ಮ ಹಳ್ಳಿಗಳ ಕೊಟ್ಟಿಗೆಗಳನ್ನು, ಔಷಧಿ ಅಂಗಡಿಗಳನ್ನು ಹೆಚ್ಚು ಅವಲಂಬಿಸಿದೆ.

ತೋಳದ ವಿಷಯ ಇದಕ್ಕಿಂತ ಕಷ್ಟದ್ದು. ಮಂಡ್ಯ ಜಿಲ್ಲೆಯ ಮೇಲುಕೋಟೆಯ ಸುತ್ತಲ ಸುಮಾರು 50 ಚದರ ಕಿಲೋಮೀಟರ್ ಕುರುಚಲು ಕಾಡನ್ನು 1974ರಲ್ಲಿ ವನ್ಯಜೀವಿ ಧಾಮವನ್ನಾಗಿಸಿದಾಗ ತೋಳಗಳ ರಕ್ಷಣೆಯೇ ಪ್ರಧಾನ ಉದ್ದೇಶವಾಗಿತ್ತು. ಆದರೆ ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಒಣ ಬಯಲಿನದು, ಕುರಿ ಕಾಯುವವರ ನೆರೆಯದು. ಅಂಥ ಬಯಲುಗಳು ಏನಾದವು? ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಹರಿದಾಗ ಬೆದ್ದಲು ಗದ್ದೆಯಾಯಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿತು. ಲಕ್ಷಾಂತರ ಜನರ ಹಸಿವು ನೀಗಿಸಿದ ಆ ನೀರನ್ನು ಪಾಪವೆಂದು ಕರೆಯುವ ಧಾರ್ಷ್ಟ್ಯ ನಮಗಿಲ್ಲ. ಆದರೂ ಒಪ್ಪಿಕೊಳ್ಳಬೇಕಾದ ಸತ್ಯವೊಂದಿದೆ: ಬಯಲಿನ ಪ್ರಾಣಿಯ ನೆಲೆ ಕುಗ್ಗಿದಂತೆ ಕಬ್ಬಿನ ಮರೆಗೆ ಹೊಂದಿಕೊಳ್ಳಬಲ್ಲ ಚಿರತೆಗೆ ನೆಲೆ ಹಿಗ್ಗಿತು. ಗೋಮಾಳಗಳನ್ನು ಉಳಿಸುವ ನಿರ್ಧಾರವಿಲ್ಲದೆ ತೋಳ ಮರಳಲೆಂದು ಹಾರೈಸುವುದು, ನೆರೆಮನೆಯವನ ಜಾಗವನ್ನು ಒತ್ತುವರಿ ಮಾಡಿಕೊಂಡು ಅವನನ್ನು ಹಬ್ಬದೂಟಕ್ಕೆ ಕರೆದಂತೆ.

5. ಪ್ರಾಯಶ್ಚಿತ್ತ: ಯಾರ ಕೈಯಿಂದ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ದಾವೀದನಿಗೆ ಹೇಳುವ ಸಾಮತಿಯನ್ನು ಓದುಗರು ಬಲ್ಲರು. ಸಿರಿವಂತನ ಮನೆಗೆ ಅತಿಥಿಯೊಬ್ಬನು ಬರುತ್ತಾನೆ. ಸಿರಿವಂತನಿಗೆ ಕುರಿದನಗಳು ಬೇಕಾದಷ್ಟಿವೆ. ಆದರೂ ಅವನು ಬಡವನ ಮನೆಯಲ್ಲಿ ಮಗಳಂತೆ ಬೆಳೆದ ಒಂದೇ ಒಂದು ಕುರಿಮರಿಯನ್ನು ಹಿಡಿತರಿಸಿ ಅತಿಥಿಗೆ ಅಡಿಗೆ ಮಾಡಿಸುತ್ತಾನೆ. ಈ ಕಥೆಯಲ್ಲಿ ಅತಿಥಿಯ ತಪ್ಪೇನೂ ಇಲ್ಲ. ಅತಿಥಿಸತ್ಕಾರವೂ ತಪ್ಪಲ್ಲ. ತಪ್ಪಿರುವುದು ಸತ್ಕಾರದ ವೆಚ್ಚ ಬಿದ್ದ ಕಡೆಯಲ್ಲಿ. ಸಿಟ್ಟಾದ ದಾವೀದನು ತಾನೇ ತೀರ್ಪು ಕೊಡುತ್ತಾನೆ: ಆ ಮನುಷ್ಯನು ನಾಲ್ಕರಷ್ಟು ಹಿಂದಿರುಗಿಸಬೇಕು.

ಶತಮಾನಗಳ ಅನಂತರ ಸಂತ ಲೂಕನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಅದೇ ‘ನಾಲ್ಕರಷ್ಟು’ ಮರಳಿ ಕೇಳಿಸುತ್ತದೆ. ಈ ಬಾರಿ ಅತಿಥಿ ಪ್ರಭು ಯೇಸುವೇ. ಆತಿಥ್ಯ ನೀಡುವವನು ಜಕ್ಕಾಯ. ಅವನು ಬಡವರಿಗೆ ಕೊಡುವ ಅರ್ಧ ಆಸ್ತಿಯೂ ಮೋಸಹೋದವರಿಗೆ ಹಿಂದಿರುಗಿಸುವ ನಾಲ್ಕರಷ್ಟೂ ಅವನ ಸ್ವಂತ ಗಂಟಿನಿಂದ ಬರುತ್ತವೆ. ಕಥೋಲಿಕ ಧರ್ಮೋಪದೇಶ ಗ್ರಂಥವು ಕದ್ದುದನ್ನು ಹಿಂದಿರುಗಿಸುವ ಕರ್ತವ್ಯವನ್ನು ವಿವರಿಸುವಾಗ ಜಕ್ಕಾಯನನ್ನೇ ಉದಾಹರಿಸುತ್ತದೆ. ಪರರ ಸ್ವತ್ತಿನಿಂದ ಪ್ರಾಯಶ್ಚಿತ್ತವಿಲ್ಲ.

ಈ ಅಳತೆಗೋಲಿನಿಂದ ಕೂನೊ ಅರಣ್ಯವನ್ನು ನೋಡಬೇಕು. ಚೀತಾ ಬರುವುದಕ್ಕೆ ಬಹಳ ಮುಂಚೆ, 1990ರ ದಶಕದ ಕೊನೆಯಿಂದ, ಗುಜರಾತಿನ ಗಿರ್ ಸಿಂಹಗಳಿಗೆ ಎರಡನೆಯ ನೆಲೆ ಮಾಡಲೆಂದು ಅಲ್ಲಿಯ 24 ಹಳ್ಳಿಗಳನ್ನು ತೆರವು ಮಾಡಲಾಯಿತು. ಎದ್ದು ಹೋದವರಲ್ಲಿ ಹೆಚ್ಚಿನವರು ಸಹರಿಯಾ ಆದಿವಾಸಿಗಳು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಿದರೂ ಸಿಂಹಗಳು ಬರಲಿಲ್ಲ. ಹಳ್ಳಿ ಬಿಟ್ಟವರು ಬಿಟ್ಟವರೇ ಆದರು. ಚೀತಾಗಳನ್ನು ಬೇಟೆಯಾಡಿ ಮುಗಿಸಿದ್ದು ಅರಮನೆಗಳು. ಆ ಸಾಲಕ್ಕೆ ಜಾಗ ಕೊಟ್ಟದ್ದು ಗುಡಿಸಲುಗಳು. ಕುರಿಮರಿ ಯಾರದೆಂದು ಕೇಳಿದರೆ ನಾತಾನನ ಬೆರಳು ಎತ್ತ ತೋರಿಸುವುದೆಂಬುದರಲ್ಲಿ ಸಂಶಯವಿಲ್ಲ.

ಇದಕ್ಕೆ ಎದುರಾದ ನಿದರ್ಶನ ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಇದೆ. ಶಿಂಷಾ ಹೊಳೆಗೆ ಸಮೀಪದ ಕೊಕ್ಕರೆ ಬೆಳ್ಳೂರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಊರ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗು ಬಂದಾಗ ಹೊಳೆದಂಡೆಯ ಹಳೆಯ ಊರನ್ನು ಬಿಟ್ಟು ಜನರು ಈಗಿನ ಜಾಗಕ್ಕೆ ಬಂದರೆಂದೂ ಹಕ್ಕಿಗಳು ಅವರ ಹಿಂದೆಯೇ ಬಂದವೆಂದೂ ಊರ ಹಿರಿಯರು ಹೇಳುತ್ತಾರೆ. ಅವರ ಪಾಲಿಗೆ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಬಡವನ ಮನೆಯಲ್ಲಿ ಮಗಳಂತೆ ಇದ್ದ ಕುರಿಮರಿಯನ್ನು ನೆನೆದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಇಲ್ಲಿ ಅತಿಥಿಯೇ ಮಗಳು.

ಆದರೆ ಪ್ರೀತಿಯೊಂದೇ ಸಾಲಲಿಲ್ಲ ಎಂಬುದನ್ನೂ ಗಮನಿಸಬೇಕು. ಗೂಡು ತುಂಬಿದ ಹುಣಸೆಮರದಿಂದ ಫಸಲು ಸಿಗದು. ಹುಣಸೆ ಅಲ್ಲಿಯ ಮನೆಗಳ ಆದಾಯ. ಆ ನಷ್ಟಕ್ಕೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಹಣ ಕೊಡುವ ಏರ್ಪಾಡು ಬಂದಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ನೆರವಿನಿಂದ ಊರ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡತೊಡಗಿದರು. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶದ ಮಾನ್ಯತೆ ದೊರೆಯಿತು. ಊರನ್ನು ಎಬ್ಬಿಸಲಿಲ್ಲ, ಊರಿಗೇ ಪಾಲಕರ ಸ್ಥಾನ ಸಿಕ್ಕಿತು. ಇಲ್ಲೂ ತೊಂದರೆಗಳಿವೆ. ಕೆರೆಗಳಲ್ಲಿ ನೀರಿಲ್ಲದ ವರ್ಷ ಹಕ್ಕಿಗಳು ಬಳಲುತ್ತವೆ, ಹಳೆಯ ಮರಗಳು ಕಡಿಮೆಯಾಗುತ್ತಿವೆ, 2017ರ ಕೊನೆಯಿಂದ ಕೆಲವು ತಿಂಗಳು ಜಂತುಹುಳುಗಳ ಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಆದರೂ ವೆಚ್ಚವನ್ನು ಹಂಚಿಕೊಂಡು ಹೊರುವುದು ಸಾಧ್ಯವೆಂಬುದನ್ನು ಈ ಊರು ತೋರಿಸಿದೆ.

6. ಎರಡು ಆಕ್ಷೇಪಗಳು

ಮೊದಲನೆಯದು: ಹೆಜ್ಜಾರ್ಲೆ ಆಡನ್ನು ತಿನ್ನುವುದಿಲ್ಲ, ಹಕ್ಕಿಯ ಮಾತು ಚಿರತೆಗೆ ಹೇಗೆ ಅನ್ವಯಿಸುತ್ತದೆ? ಆಕ್ಷೇಪವು ನ್ಯಾಯವಾದುದೇ. ಅಪಾಯ ಹೆಚ್ಚಾದಷ್ಟೂ ಹೊಣೆಯೂ ಹೆಚ್ಚಬೇಕೆಂಬುದೇ ನಮ್ಮ ಉತ್ತರ. ವಿಮೋಚನಾಕಾಂಡದ 22ನೆಯ ಅಧ್ಯಾಯದ ನಿಯಮದಂತೆ, ಒಬ್ಬನ ಪಶು ಮತ್ತೊಬ್ಬನ ಹೊಲವನ್ನು ಮೇದರೆ ಪಶುವಿನ ಒಡೆಯನು ತನ್ನ ಹೊಲದ ಉತ್ತಮ ಬೆಳೆಯಿಂದ ನಷ್ಟ ತುಂಬಬೇಕು. ವನ್ಯಜೀವಿಗಳ ಪಾಲನೆಯನ್ನು ಸಮಾಜವು ಸರ್ಕಾರದ ಮೂಲಕ ವಹಿಸಿಕೊಂಡಿರುವಾಗ ಒಡೆಯನ ಹೊಣೆಯೂ ಸಮಾಜದ್ದೇ. ಅದೇ ಅಧ್ಯಾಯದಲ್ಲಿ, ಕಾಡುಮೃಗ ಸೀಳಿದ ಪಶುವಿನ ಅವಶೇಷವನ್ನು ತಂದು ತೋರಿಸಿದ ಕುರುಬನ ಮೇಲೆ ಹೊಣೆ ಬೀಳದು. ಇಂದು ನಮ್ಮ ರೈತರೂ ಚಿತ್ರ, ಪಶುವೈದ್ಯರ ವರದಿ, ಅರ್ಜಿಗಳೊಡನೆ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಸಾಕ್ಷಿ ಕೇಳುವುದು ತಪ್ಪಲ್ಲ. ಸಾಕ್ಷಿ ತಂದವರನ್ನು ತಿಂಗಳುಗಟ್ಟಲೆ ಅಲೆಸುವುದು ಅನ್ಯಾಯ.

ಚಿರತೆಯನ್ನು ಹಿಡಿದು ಬೇರೆಡೆ ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಹೀಗೆ ಹಿಡಿದು ಸಾಗಿಸಿದ ಅನಂತರ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಂದೂರಿನ ಭಯವನ್ನು ಇನ್ನೊಂದೂರಿಗೆ ದಾಟಿಸುವುದು ಪರಿಹಾರವಲ್ಲ.

ಎರಡನೆಯ ಆಕ್ಷೇಪವು ಧರ್ಮಶ್ರದ್ಧೆಯ ವೇಷದಲ್ಲಿ ಬರುತ್ತದೆ: ತೋಳವೂ ಕುರಿಮರಿಯೂ ಒಟ್ಟಿಗೆ ಬಾಳುವವೆಂದು ಪ್ರವಾದಿ ಯೆಶಾಯನೇ ನುಡಿದಿರುವಾಗ, ಗ್ರಾಮಸ್ಥರು ಸ್ವಲ್ಪ ತಾಳಿಕೊಳ್ಳಬಾರದೇಕೆ? ಆ ದರ್ಶನವು ದೇವರ ರಾಜ್ಯದ ಪೂರ್ಣತೆಯನ್ನು ಕುರಿತದ್ದು. ಅದು ಪೂರ್ಣವಾಗುವ ತನಕ ತೋಳ ಬಂದಾಗ ಕುರಿಗಳನ್ನು ಬಿಟ್ಟು ಓಡದ ಕುರುಬನೇ ನಮಗೆ ಆದರ್ಶವೆಂದು ಸಂತ ಯೊವಾನ್ನನ ಶುಭಸಂದೇಶ ಕಲಿಸುತ್ತದೆ. ಅಂತ್ಯಕಾಲದ ಭರವಸೆಯನ್ನು ತೋರಿಸಿ ಇಂದಿನ ನ್ಯಾಯವನ್ನು ಮುಂದೂಡಲಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇದು. ಅಳಿದ ಜೀವಿಯನ್ನು ಮರಳಿ ತರುವುದು ಒಳ್ಳೆಯದು, ಕೆಲವೊಮ್ಮೆ ಕರ್ತವ್ಯವೂ ಹೌದು. ಆದರೆ ಅದು ಕರ್ತವ್ಯವಾಗುವುದು ಪ್ರಾಯಶ್ಚಿತ್ತವಾಗಿ, ಪ್ರದರ್ಶನವಾಗಿ ಅಲ್ಲ. ಕಳೆದುದನ್ನು ಹೆಸರಿಸಬೇಕು, ಕಳೆದ ಕಾರಣವನ್ನು ತೊರೆಯಬೇಕು, ಕಳೆದವರ ಕೈಯಿಂದಲೇ ವೆಚ್ಚ ಬರಬೇಕು. ಬೆಂಬಲಿಸುವವರು ಸಾಮಾನ್ಯವಾಗಿ ಮೂರನೆಯದನ್ನು ಮರೆಯುತ್ತಾರೆ. ವಿರೋಧಿಸುವವರು ಸಾಲವಿರುವುದನ್ನೇ ಮರೆಯುತ್ತಾರೆ.

ಧರ್ಮಕೇಂದ್ರಗಳು ಇಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಜಾನುವಾರು ಕಳೆದುಕೊಂಡವರ ಅರ್ಜಿ ಬರೆದುಕೊಡಲು ಓದುಬರಹ ಬಲ್ಲ ಯುವಕರು ಸಾಕು. ರಾತ್ರಿ ಆಡುಗಳನ್ನು ಕೂಡಲು ಚಾವಣಿ, ಗಟ್ಟಿ ಬಾಗಿಲುಳ್ಳ ದೊಡ್ಡಿಯೊಂದನ್ನು ಕಟ್ಟಿಕೊಡುವುದು ತಪಸ್ಸುಕಾಲದ ಕಾಣಿಕೆಗೆ ತಕ್ಕ ವಿನಿಯೋಗ. ನಮ್ಮ ಗುರುವಿದ್ಯಾರ್ಥಿಗಳು ಸೃಷ್ಟಿಯ ದೈವಶಾಸ್ತ್ರವನ್ನು ಓದುವ ವರ್ಷ ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ದಿನ, ಚಿರತೆ ಬಂದುಹೋದ ಒಂದು ಊರಿನಲ್ಲಿ ಒಂದು ದಿನ ಕಳೆಯುವುದು ಉಪಯುಕ್ತ.

ಆ ತಾಯಿಯನ್ನು ನಾವು ಮತ್ತೊಮ್ಮೆ ಕಂಡೆವು. ಚೀತಾ ತಂದದ್ದು ತಪ್ಪೆಂದು ಅವರಿಗೆ ಹೇಳಲಿಲ್ಲ. ಅವರ ಪ್ರಶ್ನೆ ಸರಿಯಾದದ್ದೆಂದೂ ಅಂದಿನ ನಮ್ಮ ಪ್ರಬೋಧನೆಯಲ್ಲಿ ಅರ್ಧ ಮಾತು ಬಿಟ್ಟುಹೋಗಿತ್ತೆಂದೂ ಒಪ್ಪಿಕೊಂಡೆವು. ಅವರ ಪರಿಹಾರದ ಅರ್ಜಿಗೆ ಬೇಕಾದ ಕಾಗದಗಳಲ್ಲಿ ಒಂದು ಇನ್ನೂ ಬರಬೇಕಾಗಿತ್ತು. ಅದನ್ನು ಕೇಳಲು ಮರುದಿನ ಅವರ ಜೊತೆಯಲ್ಲಿ ಕಚೇರಿಗೆ ಹೋದೆವು.